ಅಷ್ಟು ಮುಂದಿನ ತಾರೀಕು

ಕಡಿಯಾಳಿ, ಉಡುಪಿ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪುಟ್ಟಿಯ ಅಣ್ಣ ತೀರಿಕೊಂಡ ಮೇಲೆ ನೀನು ಬರೆದ ಕಾಗದ ಬಂತು. ಉಳಿದದ್ದೆಲ್ಲ ಗೊತ್ತಿದ್ದದ್ದೇ. ಆದರೆ ಕೊನೆಯಲ್ಲಿ ಬರೆದೆಯಲ್ಲ, "ಕಟೀಲಿನಲ್ಲಿ ಪುಟ್ಟಿಯ ಹೆಸರಲ್ಲಿ ಯಕ್ಷಗಾನದ ಹರಕೆಯಾಟ ಬರೆಸು ಅಂತ ಅತ್ತೆ ಹೇಳುತ್ತಾರೆ, ಸರದಿ ಬರಲು ವರ್ಷಗಟ್ಟಲೆ ಬೇಕು, ಅಷ್ಟು ಮುಂದಿನದನ್ನು ದೇವಿಯ ಹತ್ತಿರ ಆಡಲು ಹೆದರಿಕೆ" ಅಂತ, ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಫೋನು ಮಾಡಿದರೆ ಇಬ್ಬರೂ ಅಳುತ್ತೇವೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಆ ಹೆದರಿಕೆ ನನಗೆ ಗೊತ್ತುಂಟು. ಇರುವ ಮಗುವಿನ ಬಗ್ಗೆ ಆಸೆಪಟ್ಟರೆ ಯಾರೋ ಕೇಳಿಸಿಕೊಂಡಾರು ಎಂಬಂಥದ್ದು. ನನ್ನ ದೊಡ್ಡವ ಹುಟ್ಟಿದ್ದು ಪರ್ಯಾಯದ ವರ್ಷ. ಕೃಷ್ಣನ ಪೂಜೆ ಎಂಟು ಮಠಕ್ಕೆ ಸರದಿಯಂತೆ, ಎರಡೆರಡು ವರ್ಷ. ಅದೇ ಮಠಕ್ಕೆ ಸರದಿ ತಿರುಗಿ ಬರುವಾಗ ಇವನಿಗೆ 16 ಅಂತ ಬಾಣಂತಿ ಕೋಣೆಯಲ್ಲೇ ಲೆಕ್ಕ ಹಾಕಿದ್ದೆ. ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆಗೆ ಅವನೇ ನನ್ನನ್ನು ಕರೆದುಕೊಂಡು ಹೋಗುತ್ತಾನೆ ಅಂತ. ಅವ ಐದಕ್ಕೇ ಹೋದ. ಆ ಪರ್ಯಾಯ ಮಾತ್ರ ತಪ್ಪದೆ ಬಂತು. ಜನವರಿ 18ರ ನಸುಕಿಗೆ ಊರಿಗೆ ಊರೇ ರಸ್ತೆಯಲ್ಲಿ. ನಾನು ಕಿಟಕಿ ಮುಚ್ಚಿ ಮಲಗಿದೆ. ಅದು ಹೋಗಲಿ, ಸಣ್ಣವನನ್ನೂ ಹೋಗಲು ಬಿಡಲಿಲ್ಲ. ಹನ್ನೆರಡರ ಹುಡುಗ, ಹೊರಗಿನ ಮೆಟ್ಟಿಲಲ್ಲಿ ಕೂತು ದೂರದ ಚೆಂಡೆ ಕೇಳುತ್ತಿದ್ದ. ಹಠ ಕೂಡ ಮಾಡಲಿಲ್ಲ. ಇವತ್ತಿಗೂ ಅದೊಂದು ಕೊರೆಯುತ್ತದೆ.

ಜ್ವರದಲ್ಲಿ ಹೋದ ಮಗುವಿಗೂ ಬಾವಿಗೂ ಏನು ಸಂಬಂಧ? ಆದರೂ ಬಾವಿಗೆ ಕಬ್ಬಿಣದ ಬಲೆ ಹಾಕಿಸಿದೆ. ಸಣ್ಣವನಿಗೆ ಮಲ್ಪೆ ಕಡಲು ಬೇಡ, ಮಾವಿನ ಮರ ಬೇಡ, ಶಾಲೆಯ ಟೂರು ಬೇಡ. ಈಗ ಮಸ್ಕತ್ತಿನಿಂದ ಫೋನು ಮಾಡಿದ ಕೂಡಲೇ "ಹುಷಾರಿದ್ದೇನಮ್ಮ, ಊಟ ಆಯ್ತು" ಅನ್ನುತ್ತಾನೆ, ಹಾಜರಿ ಹೇಳಿದ ಹಾಗೆ. ಆಮೇಲೆ ಮಾತೇ ಇಲ್ಲ.

ದೇವರ ಮೇಲೆ ಭಾರ ಹಾಕು ಅಂತ ನಿನಗೆ ಎಲ್ಲರೂ ಹೇಳಿರುತ್ತಾರೆ. ನನಗೂ ಹೇಳಿದ್ದರು. ಒಮ್ಮೆ ಹಾಕಿದ್ದೆನಲ್ಲ ಅಂತ ಸಿಟ್ಟು ಬರುತ್ತಿತ್ತು. ಕೃಷ್ಣ ಮಠಕ್ಕೆ ಹೋದರೂ ದರ್ಶನದ ನವಗ್ರಹ ಕಿಂಡಿಯ ಎದುರು ನಿಲ್ಲಲು ಆಗುತ್ತಿರಲಿಲ್ಲ. ಒಳಗಿರುವವನೂ ಕಡೆಗೋಲು ಹಿಡಿದ ಮಗುವೇ ಅಲ್ಲವಾ. ಒಂದು ದಿನ ನಿಂತೆ. "ಇವನನ್ನು ಉಳಿಸು" ಅಂತ ಕರಾರು ಮಾಡಿಕೊಳ್ಳಲು ಬಾಯಿ ಬರಲಿಲ್ಲ. "ನಾಳೆ ನನಗೆ ಕಾಣುವುದಿಲ್ಲ, ನಿನಗೆ ಕಾಣುತ್ತದಲ್ಲ" ಅಂದೆ, ಅಷ್ಟೇ. ನಂಬಿಕೆ ಅಂದರೆ ಇದೇನಾ, ಗೊತ್ತಿಲ್ಲ. ಆದರೆ ಆ ಸಂಜೆ ಸಣ್ಣವನನ್ನು ಸೈಕಲ್ ಕಲಿಯಲು ಬಿಟ್ಟೆ.

ಯಾರಾದರೂ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ನಾಗದೋಷ, ಬಾಕಿ ಹರಕೆ ಅಂದಾರು. ಆಶ್ಲೇಷಾ ಬಲಿ ಮಾಡಿಸುವುದಾದರೆ ಮಾಡಿಸಿ, ನಮ್ಮಲ್ಲಿ ಅದು ಹೊಸತಲ್ಲ. ಆದರೆ ಅಣ್ಣ ಹೋದದ್ದು ಅದಕ್ಕೇ ಎಂಬ ಮಾತು ಪುಟ್ಟಿಯ ಕಿವಿಗೆ ಬೀಳಬಾರದು. ಹರಕೆ ತಡವಾಯಿತೆಂದು ಮಗುವನ್ನು ಕರೆದುಕೊಳ್ಳುವ ದೇವಿಯನ್ನು ನಾವು ಪೂಜಿಸಿಕೊಂಡು ಬಂದದ್ದಲ್ಲ. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ.

ಹರಕೆಯಾಟಕ್ಕೆ ಹೆಸರು ಬರೆಸಿದರೆ ಒಳ್ಳೆಯದು ಅಂತ ನನಗೆ ಕಾಣುತ್ತದೆ. ಪರ್ಯಾಯಕ್ಕೆ ವರ್ಷ ಮೊದಲೇ ಬಾಳೆ ಮುಹೂರ್ತ ಮಾಡಿ ಗಿಡ ನೆಡುವ ಊರು ನಮ್ಮದು. ಕೈ ನಡುಗಿದರೆ ಬಿಡು, ಈ ವರ್ಷವೇ ಆಗಬೇಕೆಂದಿಲ್ಲ. ಹತ್ತಿರದ ತಾರೀಕುಗಳಿಂದ ಶುರು ಮಾಡಬಹುದೇನೋ. ಅಷ್ಟಮಿಗೆ ಪುಟ್ಟಿಯನ್ನು ಕರೆದುಕೊಂಡು ಬಾ, ಮುದ್ದುಕೃಷ್ಣನ ವೇಷ ಹಾಕಿಸುವ. ಅಣ್ಣನ ಕಿರೀಟ ಕಪಾಟಿನಲ್ಲಿದೆಯಲ್ಲ, ಅದು ಅಲ್ಲೇ ಇರಲಿ. ಇವಳಿಗೆ ರಥಬೀದಿಯಲ್ಲಿ ಹೊಸತು ತೆಗೆದುಕೊಳ್ಳುವ.

ನಿನಗೆ ರಾತ್ರಿ ನಿದ್ದೆ ಇಲ್ಲ ಅಂತ ನಿನ್ನ ಗಂಡ ಹೇಳಿದ. ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸುವ ಅಂದರೆ ಬೇಡ ಅನ್ನಬೇಡ. ನಮ್ಮ ಕಾಲದಲ್ಲಿ ಇಂಥದ್ದಕ್ಕೆ ಡಾಕ್ಟರು ಇದ್ದಾರು ಅಂತ ಯಾರಿಗೂ ಹೊಳೆಯಲಿಲ್ಲ. ಬುದ್ಧಿ ಹೇಳಿದೆ ಅಂತ ಬೇಸರ ಮಾಡಬೇಡ. ಹೇಳುವಷ್ಟು ಬುದ್ಧಿ ನನ್ನಲ್ಲೂ ಇಲ್ಲ. ಅಷ್ಟಮಿಗೆ ಯಾವ ಬಸ್ಸಿಗೆ ಹೊರಡುತ್ತೀ ಅಂತ ತಿಳಿಸು, ದೊಡ್ಡಪ್ಪ ಸ್ಟ್ಯಾಂಡಿಗೆ ಬರುತ್ತಾರೆ.

ಇತಿ,
ನಿನ್ನ ದೊಡ್ಡಮ್ಮ