ನೇರಪ್ರಸಾರದ ಆ್ಯಪ್‌: ಮೊದಲು ಸೆಕೆಂಡಿನ ಲೆಕ್ಕ ಬರೆಯಿರಿ

ಮಾನ್ಯ ಸಂಪಾದಕರೇ,

ಯಕ್ಷಗಾನ, ರಥೋತ್ಸವ, ಆನ್‌ಲೈನ್ ತರಗತಿಗಳ ನೇರಪ್ರಸಾರಕ್ಕೆ ಸ್ವಂತ ಆ್ಯಪ್ ಮಾಡಿಸುವವರು ಕೆಲಸ ಒಪ್ಪಿಸುವಾಗ ‘ತಡವಿಲ್ಲದೆ ಬರಬೇಕು’ ಎಂದಷ್ಟೇ ಬರೆದುಬಿಡುತ್ತಾರೆ. ಎಷ್ಟು ಸೆಕೆಂಡು ತಡವಾದರೆ ನಡೆದೀತು ಎಂದು ಬರೆಯುವುದಿಲ್ಲ. ಯಾವ ಪ್ರೋಟೊಕಾಲ್ (ವಿಡಿಯೊ ಸಾಗಿಸುವ ವಿಧಾನ) ಎಂಬುದು ತೀರ್ಮಾನವಾಗುವುದೇ ಆ ಅಂಕಿಯಿಂದ.

ನೋಡುವವರು ಮರುಮಾತಾಡಬೇಕಿದ್ದರೆ, ಉದಾಹರಣೆಗೆ ಮಕ್ಕಳು ತರಗತಿಯಲ್ಲಿ ಪ್ರಶ್ನೆ ಕೇಳಬೇಕಿದ್ದರೆ, ಎರಡೂ ಕಡೆಯ ಮಾತು, ವಿಡಿಯೊವನ್ನು ತಕ್ಷಣ ಸಾಗಿಸುವ ವೆಬ್‌ಆರ್‌ಟಿಸಿಯೇ ಬೇಕು. ನೆಟ್‌ವರ್ಕ್ ಚೆನ್ನಾಗಿದ್ದರೆ ಅಲ್ಲಿ ವಿಳಂಬ ಅರ್ಧ ಸೆಕೆಂಡಿನೊಳಗೆ. ಆದರೆ ಹಲವು ಕಚೇರಿ, ಕಾಲೇಜುಗಳ ಫೈರ್‌ವಾಲ್ (ಜಾಲದ ಕಾವಲು ವ್ಯವಸ್ಥೆ) ವೆಬ್‌ಆರ್‌ಟಿಸಿ ಬಳಸುವ ಯುಡಿಪಿ ಎಂಬ ಸಾಗಣೆ ವಿಧಾನವನ್ನು ತಡೆಯುತ್ತದೆ. ಸಾಮಾನ್ಯ ವೆಬ್‌ಸೈಟ್‌ಗಳು ಬಳಸುವ 443ನೇ ಪೋರ್ಟಿನಲ್ಲಿ, ನಡುವೆ ನಿಂತು ವಿಡಿಯೊ ದಾಟಿಸುವ ಟರ್ನ್ ಸರ್ವರ್ ಇಡದಿದ್ದರೆ ಅಲ್ಲಿನವರಿಗೆ ಕಾಣುವುದು ಕಪ್ಪು ಪರದೆ ಮಾತ್ರ.

ಬಯಲಾಟ ನೋಡುವ ಸಾವಿರ ಮಂದಿಗೆ 20 ಸೆಕೆಂಡು ತಡವಾದರೆ ಏನೂ ಕೆಡುವುದಿಲ್ಲ. ಅದಕ್ಕೂ ವೆಬ್‌ಆರ್‌ಟಿಸಿ ಹಾಕಿಸುವುದು ದುಡ್ಡು ಸುರಿದಂತೆ. ಅಲ್ಲಿಗೆ ಆಪಲ್ ರೂಪಿಸಿದ ಎಚ್‌ಎಲ್‌ಎಸ್ ಪ್ರೋಟೊಕಾಲ್ ಸರಿ. ವಿಡಿಯೊ ಸಣ್ಣ ತುಂಡುಗಳ ಕಡತಗಳಾಗಿ ಹೋಗುವುದರಿಂದ ಸಾಮಾನ್ಯ ಸಿಡಿಎನ್ (ಕಡತಗಳನ್ನು ನೋಡುಗರ ಹತ್ತಿರದಿಂದಲೇ ಹಂಚುವ ಸರ್ವರ್‌ಗಳ ಜಾಲ) ಸಾಕು. ಐಫೋನಿನ ಸಫಾರಿಯೂ ಅದನ್ನು ನೇರವಾಗಿ ಆಡಿಸುತ್ತದೆ, ಅದೇ ಬಗೆಯ ಇನ್ನೊಂದು ಪ್ರೋಟೊಕಾಲ್ ಡ್ಯಾಶ್ ಆದರೆ ಹಾಗಲ್ಲ. ಆಪಲ್ ಹೇಳುವ ತುಂಡಿನ ಅಳತೆ 6 ಸೆಕೆಂಡು. ಪ್ಲೇಯರ್ ಸುಮಾರು 3 ತುಂಡು ಹಿಂದಿನಿಂದ ಶುರುಮಾಡುತ್ತದೆ, 18 ಸೆಕೆಂಡು ಹೋಗುವುದು ಅಲ್ಲೇ.

ಹೆಚ್ಚಿನವರು ಎಡವುವುದು ಕೀಫ್ರೇಮಿನಲ್ಲಿ, ಅಂದರೆ ಬೇರೆ ಫ್ರೇಮಿನ ನೆರವಿಲ್ಲದೆ ಪೂರ್ತಿ ಚಿತ್ರ ಇರುವ ಫ್ರೇಮಿನಲ್ಲಿ. ತುಂಡು ಕತ್ತರಿಸಲಾಗುವುದು ಕೀಫ್ರೇಮ್ ಇರುವ ಜಾಗದಲ್ಲಿ ಮಾತ್ರ. ಪ್ರಸಾರಕ್ಕೆ ಬಳಸುವ ಒಬಿಎಸ್ ತಂತ್ರಾಂಶದಲ್ಲಿ ಎರಡು ಕೀಫ್ರೇಮುಗಳ ಅಂತರವನ್ನು 0 (ತಾನಾಗಿ) ಎಂದೇ ಬಿಟ್ಟರೆ ವಿಡಿಯೊ ಕುಗ್ಗಿಸುವ ಎಕ್ಸ್264 ಎನ್‌ಕೋಡರ್ 250 ಫ್ರೇಮಿನವರೆಗೂ ಕಾಯಬಹುದು. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಅದು 8 ಸೆಕೆಂಡಿಗೂ ಮೇಲಾಯಿತು. ಒಂದು ತುಂಡು ಉದ್ದ, ಇನ್ನೊಂದು ಗಿಡ್ಡ, ಚೆಂಡೆಯ ನಡುವೆಯೇ ಚಕ್ರ ತಿರುಗತೊಡಗುತ್ತದೆ. ಅಲ್ಲಿ 2 (ಸೆಕೆಂಡು) ಎಂದು ಬರೆದರೆ ಸರಿಹೋಗುತ್ತದೆ. ಇಷ್ಟಾದ ಮೇಲೂ ನಿಲ್ಲುತ್ತಿದ್ದರೆ ಸಿಡಿಎನ್ ನೋಡಿ. ತುಂಡುಗಳನ್ನು ಎಷ್ಟು ಹೊತ್ತು ಬೇಕಾದರೂ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಡಬಹುದು, ಆದರೆ ಹೊಸ ತುಂಡುಗಳ ಪಟ್ಟಿ ಇರುವ ಪ್ಲೇಲಿಸ್ಟ್ ಕಡತವನ್ನು ಒಂದೆರಡು ಸೆಕೆಂಡಿಗಿಂತ ಹೆಚ್ಚು ಇಡಬಾರದು.

ಡೇಟಾ ಲೆಕ್ಕವೂ ಮುಖ್ಯ. 1.5 ಎಂಬಿಪಿಎಸ್‌ನಲ್ಲಿ 3 ಗಂಟೆಯ ಆಟಕ್ಕೆ ಒಬ್ಬರಿಗೆ ಸುಮಾರು 2 ಜಿಬಿ ಬೇಕು, ಅಂದರೆ ಹಲವರ ದಿನದ ಪ್ಯಾಕ್ ಪೂರ್ತಿ ಖಾಲಿ. 400 ಕೆಬಿಪಿಎಸ್‌ನ ಇನ್ನೊಂದು ದರ್ಜೆಯನ್ನೂ ಕೊಟ್ಟರೆ ಅರ್ಧ ಜಿಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಹಳ್ಳಿಯ ನೋಡುಗರಿಗಾಗಿ ಇದನ್ನು ದಯವಿಟ್ಟು ಬಿಡಬೇಡಿ.

ಆರ್‌ಟಿಎಂಪಿ ಎಂಬ ಹಳೆಯ ಪ್ರೋಟೊಕಾಲನ್ನು ಈಗ ಬ್ರೌಸರ್‌ಗಳು ಆಡಿಸುವುದಿಲ್ಲ, ಆದರೂ ಕ್ಯಾಮೆರಾ ಕಡೆಯಿಂದ ಸರ್ವರಿಗೆ ಕಳಿಸಲು ಅದು ಸಾಕು. ಮೈದಾನದ 4ಜಿ ಸಂಪರ್ಕ ತಡವರಿಸುತ್ತಿದ್ದರೆ ಎಸ್‌ಆರ್‌ಟಿ ಎಂಬ ಪ್ರೋಟೊಕಾಲ್ ಮೇಲು. ಅದರ ವಿಳಂಬದ ಮೂಲ ಅಳತೆ 120 ಮಿಲಿಸೆಕೆಂಡು. ಮೊಬೈಲ್ ಜಾಲದಲ್ಲಿ ಪಿಂಗ್ ಸಮಯದ (ಡೇಟಾ ಪ್ಯಾಕೆಟ್ ಹೋಗಿ ಮರಳುವ ಹೊತ್ತಿನ) ನಾಲ್ಕು ಪಟ್ಟಿಗೆ ಏರಿಸಿ, ಕಳೆದ ಪ್ಯಾಕೆಟ್ಟನ್ನು ಮತ್ತೆ ತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

ಹಣ ಕೊಡುವ ಮುನ್ನ ಕ್ಯಾಮೆರಾ ಮುಂದೆ ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಇನ್ನೊಂದು ಫೋನಿನಲ್ಲಿ ಪ್ರಸಾರ ತೆರೆದು, ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಿರಿ. ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ನಿಮ್ಮ ವಿಳಂಬ.

– ತಂತ್ರಾಂಶ ಎಂಜಿನಿಯರ್, ಕುಂದಾಪುರ