ಔಷಧದ ಪಾಠ ವಾರ್ಡಿನಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ನಾನು ಡೊಂಬಿವಲಿಯಲ್ಲಿರುವ ನಿವೃತ್ತ ವಾರ್ಡ್ ಸಿಸ್ಟರ್. ನಮ್ಮ ಊರ ಕಡೆಯವರ ಮಕ್ಕಳು ಈಗ ಇಲ್ಲೇ ಮುಂಬೈ, ಠಾಣೆ ಕಡೆ ಬಿ.ಎಸ್‌ಸಿ. ನರ್ಸಿಂಗ್ ಓದುತ್ತಿದ್ದಾರೆ, ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿದು ನಮ್ಮನೆಗೆ ಬರುತ್ತಾರೆ. ಔಷಧದ ಹೆಸರು, ಗುಂಪು, ಅಡ್ಡ ಪರಿಣಾಮ ಎಲ್ಲ ಬಾಯಿಪಾಠ. ಆದರೆ ಈ ರೋಗಿಗೆ ಈ ಔಷಧ ಯಾಕೆ, ಎಷ್ಟು ದಿನ, ಇದಕ್ಕಿಂತ ಕಡಿಮೆ ಖರ್ಚಿನದು ಇದೆಯಾ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಮಕ್ಕಳನ್ನು ದೂರುತ್ತಿಲ್ಲ. ಇದನ್ನು ಯಾರೂ ಅವರನ್ನು ಕೇಳಿಯೇ ಇಲ್ಲ.

ಸರಿಯಾದ ಔಷಧ, ಆ ರೋಗಿಗೆ ತಕ್ಕ ಡೋಸ್, ಬೇಕಾದಷ್ಟು ದಿನ, ಆದಷ್ಟು ಕಡಿಮೆ ಖರ್ಚಿನಲ್ಲಿ. ಔಷಧವನ್ನು ವಿವೇಚನೆಯಿಂದ ಬಳಸುವುದು ಎಂದರೆ ಇಷ್ಟೇ ಎಂದು 1985ರಲ್ಲಿ ನೈರೋಬಿಯ ಸಭೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. 2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ತಂದ ಹೊಸ ಪಠ್ಯಕ್ರಮದಲ್ಲಿ ಫಾರ್ಮಕಾಲಜಿಗೆ, ಅಂದರೆ ಔಷಧಶಾಸ್ತ್ರಕ್ಕೆ, ಮೂರನೇ ಸೆಮಿಸ್ಟರಿನಲ್ಲಿ 20 ಗಂಟೆ, ನಾಲ್ಕನೆಯದರಲ್ಲಿ 60 ಗಂಟೆ ಇದೆ. ಔಷಧ ಬರೆಯುವುದರ ಮೂಲ ಪಾಠವನ್ನೂ ಸೇರಿಸಿದ್ದಾರೆ, ಒಳ್ಳೆಯ ಹೆಜ್ಜೆ. ಆದರೆ ಎರಡನೇ ವರ್ಷಕ್ಕೆ ಆ ವಿಷಯ ಮುಗಿಯಿತು. ರೋಗಿಗಳ ಜವಾಬ್ದಾರಿ ನಿಜವಾಗಿ ಕೈಗೆ ಬರುವುದು ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ನಲ್ಲಿ. ಅಷ್ಟರೊಳಗೆ ಓದಿದ್ದು ಅರ್ಧ ಮರೆತಿರುತ್ತದೆ.

ಇನ್ಸುಲಿನ್ ವಿಷಯವನ್ನೇ ನೋಡಿ. ನಮ್ಮ ದೇಶದಲ್ಲಿ ಬಾಟ್ಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. ಸಿರಿಂಜಿನಲ್ಲೂ 40ರದು, 100ರದು ಎಂದು ಎರಡು ಬಗೆ. ಪೆನ್ನಿನ ಕಾರ್ಟ್ರಿಜ್‌ನಿಂದ 40ರ ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್, ಸಕ್ಕರೆ ಇಳಿದು ಪ್ರಾಣಕ್ಕೇ ಕುತ್ತು. ಬಾಟ್ಲಿ, ಪೆನ್ನು, ಎರಡೂ ಸಿರಿಂಜು ಎದುರಿಗಿಟ್ಟು ಒಮ್ಮೆ ಕೈಯಾರೆ ಮಾಡಿಸಿದರೆ ಕಲಿಯುವ ಹುಡುಗಿ ಜನ್ಮದಲ್ಲಿ ಮರೆಯುವುದಿಲ್ಲ. ಮಕ್ಕಳ ಪ್ಯಾರಾಸಿಟಮಾಲ್ ಕೂಡ ಹಾಗೇ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೆ 100 ಮಿಲಿಗ್ರಾಂ, ಸಿರಪ್‌ನಲ್ಲಿ 5 ಮಿಲಿಗೆ 125. ಸಿರಪ್ ಅಂದುಕೊಂಡು ಡ್ರಾಪ್ಸನ್ನು ಚಮಚದಲ್ಲಿ ಕುಡಿಸಿದರೆ ಮಗುವಿಗೆ ನಾಲ್ಕು ಪಟ್ಟು ಔಷಧ. ಡಿಸ್ಚಾರ್ಜ್ ಹೊತ್ತಿಗೆ ಆ ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾದವಳು ಸಿಸ್ಟರೇ ಅಲ್ವಾ?

ಇನ್ನು ಆಂಟಿಬಯಾಟಿಕ್. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ಕಲ್ಚರ್ ರಿಪೋರ್ಟ್ ಬಂತಾ, ರೋಗಿ ಬಾಯಲ್ಲಿ ತಿನ್ನುವಂತಾದ ಮೇಲೂ ಇಂಜೆಕ್ಷನ್ ಬೇಕಾ, ಜ್ವರದ ಮಾತ್ರೆ ಮತ್ತು ನೆಗಡಿಯ ಮಾತ್ರೆ ಎರಡರಲ್ಲೂ ಪ್ಯಾರಾಸಿಟಮಾಲ್ ಇದೆಯಾ, ಇವೆಲ್ಲ ಚಾರ್ಟ್ ಕೈಯಲ್ಲಿ ಹಿಡಿದವರಿಗೆ ಮೊದಲು ಕಾಣುವಂಥವು. ಔಷಧ ಬರೆಯುವುದು ಡಾಕ್ಟರ ಕೆಲಸ, ನರ್ಸ್ ಯಾಕೆ ಕೇಳಬೇಕು ಎನ್ನುವವರಿದ್ದಾರೆ. ಬರೆದದ್ದನ್ನು ರೋಗಿಯ ಮೈಗೆ ಸೇರಿಸುವವಳು ಅವಳು, ಕೇಳುವ ಹಕ್ಕು ಅವಳಿಗಿದೆ. ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳುವುದನ್ನೂ ಕಲಿಸಲೇಬೇಕು. ಬೈಸಿಕೊಂಡ ವಿದ್ಯಾರ್ಥಿನಿ ಮುಂದಿನ ಸಲ ತಪ್ಪು ಕಂಡರೂ ಬಾಯಿ ಬಿಡುವುದಿಲ್ಲ.

ಇಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಜನ ಐದು ದಿನದ ಮಾತ್ರೆಯಲ್ಲಿ ಎರಡು ದಿನದ್ದು ತಗೊಂಡು ಜ್ವರ ಬಿಟ್ಟಿತೆಂದು ಡ್ಯೂಟಿಗೆ ಓಡುತ್ತಾರೆ, ಸುಸ್ತಾದರೆ ಒಂದು ಸಲೈನ್ ಬಾಟ್ಲಿ ಏರಿಸಿ ಎಂದು ತಾವೇ ಕೇಳುತ್ತಾರೆ. ಡಾಕ್ಟರ ಹತ್ತಿರ ಹೇಳದ ಮಾತನ್ನು ಕನ್ನಡವೋ ತುಳುವೋ ಬರುವ ಸಿಸ್ಟರ್ ಹತ್ತಿರ ಹೇಳುತ್ತಾರೆ. ದುಡ್ಡು ಸಾಲದು ಎಂದವನಿಗೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧ ಅಗ್ಗಕ್ಕೆ ಸಿಗುತ್ತದೆ, ಡಾಕ್ಟರನ್ನು ಕೇಳಿ ತಗೊಳ್ಳಿ ಎಂದು ಹೇಳಲು ಅವಳಿಗೆ ಗೊತ್ತಿರಬೇಕು.

ದೊಡ್ಡ ಖರ್ಚೇನೂ ಬೇಕಿಲ್ಲ. ಇಂಟರ್ನ್‌ಶಿಪ್‌ನಲ್ಲಿ ವಾರಕ್ಕೊಂದು ಗಂಟೆ, ಒಬ್ಬ ರೋಗಿಯ ಚಾರ್ಟ್ ಎದುರಿಗಿಟ್ಟು ಟೀಚರ್, ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಆಸ್ಪತ್ರೆಯ ಫಾರ್ಮಸಿಸ್ಟ್ ವಿದ್ಯಾರ್ಥಿಗಳ ಜೊತೆ ಕೂರಲಿ. ಪ್ರತಿ ಔಷಧಕ್ಕೂ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲಿ. ಅಂಕ ಇಲ್ಲದ ಪಾಠವನ್ನು ಕಾಲೇಜುಗಳು ಸುಮ್ನೆ ಬಿಟ್ಟುಬಿಡುತ್ತವೆ. ಆದ್ದರಿಂದ ನಾಶಿಕದಲ್ಲಿರುವ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದವರು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಇಡಬೇಕು, ಮುಂದಿನ ಬ್ಯಾಚಿನಿಂದಲೇ ಶುರು ಮಾಡಬೇಕು.

— ಒಬ್ಬ ನಿವೃತ್ತ ಸಿಸ್ಟರ್, ಡೊಂಬಿವಲಿ