ಸೌದೆ ಒಳಗಿಡುವ ಹೊತ್ತಿಗೇ ಫ್ಲೂ ಲಸಿಕೆ

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ಕರಾವಳಿಯ ಮನೆಗಳಲ್ಲಿ ಹಪ್ಪಳ ಒಣಗಿಸುವುದು, ಸೌದೆ ಒಳಗಿಡುವುದು, ಮಾಡಿನ ಹಂಚು ಸರಿಪಡಿಸುವುದು ನಡೆಯುತ್ತದೆ. ಮನೆಯ ಹಿರಿಯರಿಗೆ ಫ್ಲೂ ಲಸಿಕೆ ಹಾಕಿಸುವುದೂ ಅದೇ ಪಟ್ಟಿಗೆ ಸೇರಬೇಕು. ನಮ್ಮಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಲಸಿಕೆ ಮೈಗೆ ಹತ್ತಲು ಸುಮಾರು ಎರಡು ವಾರ ಬೇಕು. ಆಟಿ ತಿಂಗಳ ಜೋರು ಮಳೆಯಲ್ಲಿ ನೆರೆಮನೆಯವರೆಲ್ಲ ಕೆಮ್ಮಲು ಶುರುಮಾಡಿದ ಮೇಲೆ ಹಾಕಿಸಿದರೆ ತಪ್ಪೇನಿಲ್ಲ, ಆದರೆ ಆ ಎರಡು ವಾರ ರಕ್ಷಣೆ ಇರುವುದಿಲ್ಲ.

65 ದಾಟಿದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು: ಇವರಲ್ಲಿ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು. ದೊಡ್ಡವರಿಗೆ ವರ್ಷಕ್ಕೆ ಒಂದೇ ಡೋಸ್, 0.5 ಮಿ.ಲೀ., ತೋಳಿನ ಸ್ನಾಯುವಿಗೆ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಇನ್ನೊಂದು. ‘ಹೋದ ವರ್ಷ ಹಾಕಿಸಿದ್ದೇವಲ್ಲ’ ಎನ್ನುವವರಿದ್ದಾರೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ವರ್ಷಕ್ಕೆರಡು ಸಲ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಹೇಳುತ್ತದೆ. ಯಾವ ಸಾಲಿನದೆಂದು ಪೆಟ್ಟಿಗೆಯ ಮೇಲೇ ಇರುತ್ತದೆ, ನೋಡಿ ಕೊಳ್ಳಿ.

ಎಡವಟ್ಟಾಗುವುದು ಮೆಡಿಕಲ್ ಶಾಪಿನಿಂದ ಕ್ಲಿನಿಕ್ಕಿನ ದಾರಿಯಲ್ಲಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಿಸಿಲಿನ ಭಯಕ್ಕೆ ಜನ ಅದನ್ನು ಬೂತಾಯಿ ಮೀನಿನಂತೆ ಐಸಿನಲ್ಲಿ ಹೂತು ತರುತ್ತಾರೆ. ಹೆಪ್ಪುಗಟ್ಟಿದ ಲಸಿಕೆ ಸತ್ತಂತೆಯೇ. ಕರಗಿದ ಮೇಲೆ ಮೊದಲಿನಂತೆಯೇ ಕಾಣುವುದರಿಂದ ಯಾರಿಗೂ ತಿಳಿಯುವುದಿಲ್ಲ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್ ಮೈ ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಡಿ. ಆಮೇಲೂ ಸಿರಿಂಜಿನ ಪೆಟ್ಟಿಗೆಗೆ ತಾಗದಂತೆ ನಡುವೆ ದಪ್ಪ ಕಾಗದವಿರಲಿ. ಫ್ರಿಡ್ಜ್ ಇರುವ ಕ್ಲಿನಿಕ್ಕಿನಲ್ಲೇ ಕೊಂಡು ಅಲ್ಲೇ ಹಾಕಿಸಿಕೊಳ್ಳುವುದು ಇನ್ನೂ ಮೇಲು.

ಲಸಿಕೆಯಿಂದ ಫ್ಲೂ ಬರುವುದಿಲ್ಲ, ಇಂಜೆಕ್ಷನ್ನಿನಲ್ಲಿ ಇರುವುದು ಜೀವಂತ ವೈರಸ್ ಅಲ್ಲ. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಇರಬಹುದು. ಮಾಮೂಲಿ ಶೀತವನ್ನು ಅದು ತಡೆಯುವುದೂ ಇಲ್ಲ, ಅದರ ವೈರಸ್‌ಗಳೇ ಬೇರೆ.

ಮಕ್ಕಳ ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ: ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಮೂರನೆಯದೇ ಹೆಚ್ಚು ತಪ್ಪಿಹೋಗುವುದು, ತಾಯಿ ಕಾರ್ಡ್ ತೆಗೆದು ನೋಡಿ. ಹಿರಿಯರ ಫ್ಲೂ ಲಸಿಕೆಗೆ ಮಾತ್ರ ಕೈಯಿಂದಲೇ ದುಡ್ಡು ಹಾಕಬೇಕು. ಬಿಪಿಎಲ್ ಕಾರ್ಡಿನ ಹಿರಿಯರಿಗಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಸಿಗುವಂತೆ ಜಿಲ್ಲಾಡಳಿತ ಏಪ್ರಿಲ್‌ನಲ್ಲೇ ಏರ್ಪಾಡು ಮಾಡಬೇಕು.

– ಲಸಿಕಾ ವಿಭಾಗದ ಸಿಬ್ಬಂದಿ, ಉಡುಪಿ